ಓಟ ನಿಂತಾಗ: ವಿಜಯಪುರದ ಒಂದು ಆಪ್ತಸಲಹೆ ಪ್ರಕರಣ

ಮಲ್ಲುಗೆ 22 ವರ್ಷ. ಹೆಸರು, ಗುರುತು ಬದಲಿಸಿದ್ದೇನೆ. ವಿಜಯಪುರದಲ್ಲಿ ರೂಮು ಮಾಡಿಕೊಂಡು ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗೆ ತಯಾರಾಗುತ್ತಿದ್ದ. ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಡಾಂಬರು ರಸ್ತೆ ಮೇಲೆ ದಿನಾಲೂ ಓಡಿ ಓಡಿ ಮೊಳಕಾಲಿನ ಕೆಳಗಿನ ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಆರರಿಂದ ಎಂಟು ವಾರ ಓಡಲೇಬೇಡ ಎಂದು ಎಲುಬಿನ ಡಾಕ್ಟರ್ ಹೇಳಿದ್ದರು. ಇವನು ನಸುಕಿನಲ್ಲಿ ಕದ್ದು ಓಡುತ್ತಿದ್ದ. ರೂಮಿನ ಗೆಳೆಯನೇ ನನ್ನ ಹತ್ತಿರ ಕರೆತಂದ.

“ನಾಕ ದಿನ ಓಡಲಿಲ್ಲಂದ್ರ ಎಲ್ಲಾ ಹೊಕ್ಕೈತ್ರೀ ಮೇಡಂ. ಅಪ್ಪ ಹೊಲದ ಕೆಲಸ ಬಿಡಿಸಿ ಕಳಿಸ್ಯಾನ್ರೀ,” ಎಂದ. ತೂಕ ಏರುತ್ತದೆ ಎಂದು ರಾತ್ರಿ ರೊಟ್ಟಿ ಬಿಟ್ಟಿದ್ದ. ನಿದ್ದೆಯೂ ಸರಿಯಿರಲಿಲ್ಲ.

“ಏನೂ ಆಗಲ್ಲ ಬಿಡಪ್ಪಾ” ಎಂದು ನಾನು ಹೇಳಲಿಲ್ಲ. ಅವನ ಭಯದಲ್ಲಿ ಅರ್ಧ ನಿಜವಿತ್ತು. ಸುಮ್ನೆ ಕೂತರೆ ಎರಡು ವಾರದ ಹೊತ್ತಿಗೆ ದಮ್ಮು ಇಳಿಯತೊಡಗುತ್ತದೆ. ಆದರೆ ಹೃದಯ, ಶ್ವಾಸಕೋಶಗಳಿಗೆ ಓಟವೇ ಬೇಕೆಂದಿಲ್ಲ. ಸೈಕಲ್ ತುಳಿಯುವಾಗ ಮೈಭಾರ ಸೀಟಿನ ಮೇಲಿರುತ್ತದೆ, ಹೆಜ್ಜೆ ಹೆಜ್ಜೆಗೂ ಎಲುಬಿಗೆ ಏಟು ಬೀಳುವುದಿಲ್ಲ. ಸೈಕ್ಲಿಂಗಿಗೆ ಹೆಸರಾದ ಜಿಲ್ಲೆಯಲ್ಲಿದ್ದೂ ಅವನಿಗೆ ಅದು ‘ಟೈಮ್‌ಪಾಸ್’ ಅನಿಸಿತ್ತು!

ಮೊದಲು ಡಾಕ್ಟರ್ ಒಪ್ಪಿಗೆ ಕೇಳಿಸಿದೆ. ಆಮೇಲೆ ಗೆಳೆಯನ ಸಾದಾ ಸೈಕಲ್ಲಿನ ಸೀಟು ಎತ್ತರಿಸಲು ಹೇಳಿದೆ: ಪೆಡಲ್ ಕೆಳಗೆ ಹೋದಾಗ ಮೊಳಕಾಲು ಸ್ವಲ್ಪವೇ ಮಡಚಿರಬೇಕು. ಮೊದಲ ವಾರ ನೋವಿಲ್ಲದೆ 30 ನಿಮಿಷ, ಮಾತಾಡುತ್ತ ತುಳಿಯುವಷ್ಟು ಹಗುರ. ನಂತರ ವಾರದಲ್ಲಿ ಎರಡು ದಿನ ಬಿರುಸು: 10 ನಿಮಿಷ ಮೈ ಬಿಸಿ ಮಾಡಿ, 3 ನಿಮಿಷ ಜೋರು, 3 ನಿಮಿಷ ನಿಧಾನ, ಹೀಗೆ ಐದು ಸಲ. ಅವನ ಪರೀಕ್ಷೆಯೂ ಆರೂವರೆ ನಿಮಿಷದ ಬಿರುಸಿನದೇ ಅಲ್ವಾ? ಗೇರ್ ಇಲ್ಲದಿದ್ದರೇನು, ಭೂತನಾಳ ಕೆರೆ ಕಡೆ ಎದುರುಗಾಳಿಗೆ ತುಳಿದರೆ ತೊಡೆ ಉರಿಯುತ್ತದೆ. ಹೈವೇ ಬೇಡ. ಎದ್ದು ನಿಂತು ತುಳಿಯುವುದು ಬೇಡ. ಎಲುಬು ನೋವು ಬಂದರೆ ಅಂದಿಗೆ ನಿಲ್ಲಿಸಬೇಕು.

ರಾತ್ರಿ ರೊಟ್ಟಿ, ಹಾಲು, ಮೊಸರು, ಕಾಳು ಮತ್ತೆ ಶುರುವಾಗಲೇಬೇಕು ಎಂದೆ. ಹಸಿದ ಮೈಯಲ್ಲಿ ಎಲುಬು ಬೇಗ ಕೂಡುವುದಿಲ್ಲ. ಇದರಲ್ಲಿ ನಾನು ಸ್ವಲ್ಪವೂ ರಾಜಿಯಾಗಲಿಲ್ಲ.

ಅಪ್ಪನಿಗೆ ವಿಷಯ ಮುಚ್ಚಿಟ್ಟಿದ್ದೇ ಅವನ ನಿದ್ದೆ ಕೆಡಿಸಿತ್ತು. ನನ್ನೆದುರೇ ಫೋನ್ ಮಾಡಿದ. ಅತ್ತ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಕಾಲು ಮೊದಲು ನೆಟ್ಟಗಾಗಲಿ ತಮ್ಮಾ” ಎಂದರು. ಹುಡುಗ ಅತ್ತುಬಿಟ್ಟ.

ಇಂಥವರಿಗೆ ನಾನು ಜಾಸ್ತಿ ಒತ್ತಿ ಹೇಳುವುದು ಒಂದೇ. ಸೈಕಲ್ಲಿನಿಂದ ದಮ್ಮು ಉಳಿಯುತ್ತದೆ, ಆದರೆ ಎಲುಬು ಓಟದ ಏಟಿಗೆ ಪಳಗಿರುವುದಿಲ್ಲ. ಓಟಕ್ಕೆ ಮರಳಿದ ದಿನ ಉಸಿರು “ಇನ್ನೂ ಓಡು” ಅನ್ನುತ್ತದೆ. ಮತ್ತೆ ಬಿರುಕು ಬಿಡುವ ಅಪಾಯ ಆಗಲೇ ಹೆಚ್ಚು. ಅದಕ್ಕೆ ಡಾಕ್ಟರ್ ಹೂಂ ಎಂದ ಮೇಲೂ ದಿನ ಬಿಟ್ಟು ದಿನ, 1 ನಿಮಿಷ ಓಟ, 2 ನಿಮಿಷ ನಡಿಗೆ, ಅದೂ ಮಣ್ಣಿನ ಮೈದಾನದಲ್ಲಿ. ನಡುವಿನ ದಿನಗಳಲ್ಲಿ ಸೈಕಲ್ ಮುಂದುವರಿಯಬೇಕು. ಮಲ್ಲು ಈಗ ಈ ಹಂತದಲ್ಲಿದ್ದಾನೆ. ಕದ್ದು ಓಡುವುದನ್ನು ಬಿಟ್ಟಿದ್ದಾನೆ ಎಂದು ಗೆಳೆಯನೂ ಹೇಳಿದ.