ಬೇಕಲ, ಮಧೂರು, ಅನಂತಪುರ ನೋಡುವವರು ಉಳಿದುಕೊಳ್ಳುವುದು ಎಲ್ಲಿ?

ವಯಸ್ಸಾದ ತಂದೆ-ತಾಯಿಯರನ್ನು ಕರೆದುಕೊಂಡು ಬೇಕಲದ ಕೋಟೆ, ಮಧೂರು ಹಾಗೂ ಅನಂತಪುರದ ದೇವಸ್ಥಾನಗಳನ್ನು ನೋಡಲು ಶಿವಮೊಗ್ಗದಿಂದ ಎರಡು ದಿನಗಳ ಮಟ್ಟಿಗೆ ಬರುತ್ತಿದ್ದೇವೆ, ಬೇಕಲದ ಕಡಲತೀರದಲ್ಲಿ ಉಳಿಯುವುದು ಒಳ್ಳೆಯದೋ ಕಾಸರಗೋಡು ಪೇಟೆಯಲ್ಲೋ ಎಂದು ಕೇಳಿದ್ದೀರಿ. ನಾನು ಕುಂಬಳೆಯ ಕಡೆಯವನು. ಊರಿಗೆ ಬರುವ ನೆಂಟರಿಷ್ಟರಿಗೆ ಕೊಠಡಿ ಹುಡುಕಿಕೊಡುವ ಕೆಲಸ ವರ್ಷಕ್ಕೆ ನಾಲ್ಕಾರು ಬಾರಿ ನನ್ನ ಪಾಲಿಗೆ ಬರುತ್ತದೆ. ನಿಮ್ಮ ಸಂದರ್ಭದಲ್ಲಿ ಪೇಟೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಮುಖ್ಯ ಕಾರಣ ದೇವಸ್ಥಾನಗಳ ಸಮಯ. ನಮ್ಮಲ್ಲಿ ಮಧ್ಯಾಹ್ನದ ಮಹಾಪೂಜೆ ಮುಗಿದು ಗುಡಿಯ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆಗೇ. ನಡುವಿನ ಆ ಮೂರು-ನಾಲ್ಕು ಗಂಟೆಗಳನ್ನು ಹಿರಿಯರು ಕಾರಿನಲ್ಲಿ ಬೆವರುತ್ತ ಕಳೆಯಬೇಕೋ, ಊಟ ಮುಗಿಸಿ ಮಂಚದ ಮೇಲೆ ಸ್ವಲ್ಪ ಅಡ್ಡಾಗಬೇಕೋ ಎಂಬುದನ್ನು ನಿಮ್ಮ ಕೊಠಡಿ ಇರುವ ಜಾಗವೇ ತೀರ್ಮಾನಿಸುತ್ತದೆ. ಅನಂತಪುರ ಪೇಟೆಯ ಉತ್ತರಕ್ಕೆ ಕುಂಬಳೆಯ ಬಳಿ ಇದೆ, ಮಧೂರು ಏಳೆಂಟು ಕಿಲೋಮೀಟರು ಒಳಗೆ, ಬೇಕಲ ದಕ್ಷಿಣಕ್ಕೆ. ಬೇಕಲದಲ್ಲಿ ಉಳಿದವರು ಎರಡು ದೇವಸ್ಥಾನಗಳಿಗೂ ಪೇಟೆಯನ್ನು ದಾಟಿಯೇ ಬರಬೇಕು, ದಾಟಿಯೇ ಹಿಂದಿರುಗಬೇಕು.

ಇನ್ನು 'ಕಡಲು ಕಾಣುವ ಕೊಠಡಿ' ಎಂಬ ಮಾತನ್ನು ನಂಬಿ ಮುಂಗಡ ಕಟ್ಟಬೇಡಿ. ಹಾಗೆ ನಂಬಿ ಒಂದು ವಸತಿಗೃಹದಲ್ಲಿ ದೊಡ್ಡಪ್ಪನವರನ್ನು ಉಳಿಸಿದ್ದೆ. ಕಿಟಕಿ ತೆರೆದರೆ ಕಂಡದ್ದು ತೆಂಗಿನ ತೋಟ, ಅದರಾಚೆ ರೈಲು ಹಳಿ. ಕಡಲು ಅದಕ್ಕೂ ಆಚೆ ಎಲ್ಲೋ. ಗೂಡ್ಸ್ ಗಾಡಿ ಹೋದಾಗಲೆಲ್ಲ ಮೇಜಿನ ಮೇಲಿನ ಲೋಟ ಗಿಣಿಗುಟ್ಟುತ್ತಿತ್ತು, ದೊಡ್ಡಪ್ಪ ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ. ನಮ್ಮ ಕರಾವಳಿಯಲ್ಲಿ ರೈಲು ಹಳಿ ಬಹುದೂರದವರೆಗೆ ಕಡಲಿಗೆ ಹತ್ತಿರವೇ ಸಾಗುವುದರಿಂದ, ಹಳಿ ಎಷ್ಟು ದೂರ, ಲಿಫ್ಟ್ ಇದೆಯೇ, ನಸುಕಿಗೆ ಬಿಸಿನೀರು ಸಿಗುತ್ತದೆಯೇ ಎಂಬ ಮೂರನ್ನೂ ಫೋನಿನಲ್ಲಿಯೇ ಕೇಳಿಬಿಡಿ.

ಮೊದಲ ದಿನ ಬೆಳಿಗ್ಗೆ ಅನಂತಪುರಕ್ಕೆ ಹೋಗಿ. ಬೋಳು ಮುರಕಲ್ಲಿನ ಪಾರೆಯ, ಅಂದರೆ ಜಂಬಿಟ್ಟಿಗೆ ಬಂಡೆಯ ಬಯಲಿನ, ನಡುವೆ ಸರೋವರ, ಅದರ ಮಧ್ಯದಲ್ಲಿ ಗರ್ಭಗುಡಿ. ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನ ಇದೇ ಎಂಬುದು ಇಲ್ಲಿಯ ನಂಬಿಕೆ. ಇಲ್ಲಿಯ ಮೂಲ ಮೂರ್ತಿಗಳು ಕಲ್ಲಿನವಾಗಿರಲಿಲ್ಲ, ಹಲವು ಔಷಧೀಯ ವಸ್ತುಗಳನ್ನು ಬೆರೆಸಿದ ಕಡುಶರ್ಕರ ಪಾಕದವಾಗಿದ್ದವು. ನೈವೇದ್ಯ ತಿನ್ನುತ್ತಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದು ದರ್ಶನ ಕೊಡುವುದು ಅದರ ಮರ್ಜಿ. ಬಿಸಿಲೇರಿದ ಮೇಲೆ ಪಾರೆ ಕಾವಲಿಯಂತೆ ಕಾಯುತ್ತದೆ, ಮಳೆಗಾಲದಲ್ಲಿ ಜಾರುತ್ತದೆ. ಅಮ್ಮನವರ ಕೈ ಹಿಡಿದುಕೊಳ್ಳಿ.

ಮಧ್ಯಾಹ್ನ ಕೊಠಡಿಗೆ ಮರಳಿ, ಸಂಜೆ ಮಧೂರಿಗೆ ಹೊರಡಿ. ಮಧುವಾಹಿನಿಯ ದಡದಲ್ಲಿ ಆನೆಯ ಬೆನ್ನಿನಂತೆ ಬಾಗಿದ ಮೂರು ಅಂತಸ್ತಿನ ಗಜಪೃಷ್ಠ ಮಾಡು ದೂರದಿಂದಲೇ ಗುರುತು ಸಿಗುತ್ತದೆ. ಮೂಲದೇವರು ಶಿವರೂಪಿ ಮದನಂತೇಶ್ವರನಾದರೂ ಜನರ ಬಾಯಲ್ಲಿರುವುದು ಗೋಡೆಯಲ್ಲಿ ಮೂಡಿದನೆನ್ನುವ ಗಣಪತಿ. ಗಂಡಸರು ಅಂಗಿ ಕಳಚಿ ಒಳಗೆ ಹೋಗಬೇಕು. ಅಪ್ಪದ ಪ್ರಸಾದ ಬೇಕಿದ್ದರೆ ದರ್ಶನಕ್ಕೆ ಮೊದಲೇ ರಶೀದಿ ಮಾಡಿಸಿ.

ಬೇಕಲವನ್ನು ಎರಡನೆಯ ದಿನದ ಇಳಿಹೊತ್ತಿಗೆ ಇಟ್ಟುಕೊಳ್ಳಿ. ಸೂರ್ಯಾಸ್ತಕ್ಕೆ ಮೊದಲೇ ಒಳಗೆ ಬಿಡುವುದನ್ನು ನಿಲ್ಲಿಸುವುದರಿಂದ ನಾಲ್ಕರೊಳಗೆ ತಲುಪಿದರೆ ಅನುಕೂಲ. 17ನೆಯ ಶತಮಾನದಲ್ಲಿ ಇಲ್ಲಿಯ ಕೋಟೆಯನ್ನು ಕಟ್ಟಿಸಿದವನು ನಿಮ್ಮದೇ ಸೀಮೆಯ ಕೆಳದಿಯ ಶಿವಪ್ಪ ನಾಯಕ. ಕೇರಳದ ಅತಿದೊಡ್ಡ ಕೋಟೆ ಒಬ್ಬ ಕನ್ನಡ ದೊರೆಯದೆಂಬುದು ನಮಗೆ ಒಳಗೊಳಗೇ ಹೆಮ್ಮೆ. ಸುಮಾರು 40 ಎಕರೆಯ ಈ ಕೋಟೆಯಲ್ಲಿ ಅರಮನೆ ಹುಡುಕಬೇಡಿ, ಇದು ಕಾವಲಿಗೆಂದೇ ಎದ್ದದ್ದು. ಹೊರಗೋಡೆಯ ಕಂಡಿಗಳಿಗೆ ಕಣ್ಣಿಟ್ಟು ನೋಡಿ: ಮೇಲಿನದರಿಂದ ದೂರದ ವೈರಿಗೆ, ಅದರ ಕೆಳಗಿನದರಿಂದ ಸಮೀಪಿಸಿದವನಿಗೆ, ತೀರ ಕೆಳಗಿನದರಿಂದ ಗೋಡೆಯ ಬುಡಕ್ಕೆ ಬಂದವನಿಗೆ ಗುರಿಯಿಡುವಂತೆ ಓರೆಯನ್ನು ಬೇರೆ ಬೇರೆಯಾಗಿ ಕೊಟ್ಟಿದ್ದಾರೆ. ತಂದೆಯವರಿಗೆ ಮೊಣಕಾಲು ನೋವಿದ್ದರೂ ನಡುವಿನ ವೀಕ್ಷಣಾ ಬುರುಜಿನ ಬಗ್ಗೆ ಹೆದರಬೇಕಾಗಿಲ್ಲ. ಮೇಲಕ್ಕೆ ಹೋಗಲು ಅಗಲವಾದ ಇಳಿಜಾರು ದಾರಿಯಿದೆ, ನಿಂತು ನಿಂತು ಏರಬಹುದು.