ಹಿಂದಿನ ಸಾಲಿಗೆ ಕಾಣದ ಮುಖವಾಡ

ಪ್ರಶ್ನೆ: ಶಾಲಾ ನಾಟಕಕ್ಕೆ ಪೇಪರಿನ ರಾಕ್ಷಸ ಮುಖವಾಡ ಮಾಡಿದೆವು. ಕೈಯಲ್ಲಿ ಹಿಡಿದರೆ ಭಯಂಕರ, ರಂಗದ ಮೇಲೆ ಸಪ್ಪೆ. ಮಾತೂ ಕೇಳಿಸುವುದಿಲ್ಲ. – ಓದುಗರು, ಬದಿಯಡ್ಕ

ಉತ್ತರ: ಹುಬ್ಬು, ಕೆನ್ನೆಯ ಮಡಿಕೆಗಳನ್ನು ಬಣ್ಣದಲ್ಲಿ ಬರೆದಿರಬೇಕು. ದೀಪ ಬಿದ್ದ ಕೂಡಲೇ ಬರೆದ ನೆರಳು ಮಾಯ. ಉಬ್ಬು ತಗ್ಗಿನ ನೆರಳು ಮಾತ್ರ ಉಳಿಯುತ್ತದೆ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಅಕ್ಕಿಹಿಟ್ಟು, ಸುಣ್ಣದ ಚುಟ್ಟಿಯನ್ನು (ಮುಖದ ಮೇಲಿನ ಉಬ್ಬು ಚುಕ್ಕೆಗಳನ್ನು) ತಾಸುಗಟ್ಟಲೆ ಕೂತು ಇಡುವುದು ಸುಮ್ಮನೆ ಅಲ್ಲ. ಜೇಡಿಮಣ್ಣಿನ ಅಚ್ಚಿನಲ್ಲೇ ಹುಬ್ಬನ್ನು ಕಣ್ಣಿಗಿಂತ 2 ಸೆಂ.ಮೀ. ಆದರೂ ಮುಂದೆ ತನ್ನಿ, ಕಣ್ಣಗುಳಿ ಆಳವಾಗಲಿ. ಎಡ ಬಲ ಅಳೆದು ಸಮ ಮಾಡಬೇಡಿ. ಒಂದು ಹುಬ್ಬು ಮೇಲೆ, ಬಾಯಿಯ ಒಂದು ತುದಿ ತುಸು ಕೆಳಗೆ ಇದ್ದರೆ ನಟ ತಲೆ ತಿರುಗಿಸಿದಂತೆ ಭಾವವೂ ತಿರುಗುತ್ತದೆ. ಹಲ್ಲು ಕಿಸಿದು ನಗುವ ಮುಖವಾಡ ಸಾಯುವ ದೃಶ್ಯದಲ್ಲೂ ನಗುತ್ತಲೇ ಇರುತ್ತದೆ! ಎನಾಮೆಲ್ ಬಳಿದರೆ ದೀಪ ಪ್ರತಿಫಲಿಸಿ ಮುಖ ಒಂದೇ ಬಿಳಿ ಮಚ್ಚೆ. ಹೊಳಪಿಲ್ಲದ ಅಕ್ರಿಲಿಕ್ ಸಾಕು.

ಮಾತಿರುವ ಪಾತ್ರಕ್ಕೆ ಮೇಲ್ದುಟಿಯವರೆಗಿನ ಅರ್ಧ ಮುಖವಾಡವೇ ಸರಿ. ಒಳಗೆ ಹಣೆ, ಕೆನ್ನೆಮೂಳೆಯ ಜಾಗಕ್ಕೆ 1 ಸೆಂ.ಮೀ. ದಪ್ಪದ ಸ್ಪಂಜಿನ ತುಂಡು ಅಂಟಿಸಿ. ಉಸಿರಾಡಲು ಎಡೆ ಸಿಗುತ್ತದೆ, ಬೆವರು ಕಾಗದಕ್ಕೆ ಇಳಿಯುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಮಾಡಿದ್ದು ಬೂಷ್ಟು ಹಿಡಿದು ಸೊಟ್ಟಗಾಗುತ್ತದೆ. – ಓದುಗರು, ಮುಳ್ಳೇರಿಯ

ಉತ್ತರ: ಅಂಟು ದಪ್ಪ, ಅವಸರ ಜಾಸ್ತಿ. 1 ಲೋಟ ಮೈದಾವನ್ನು 4 ಲೋಟ ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಮಗುಚುತ್ತಾ ಕಾಯಿಸಿ. ಬಿಳುಪು ಹೋಗಿ ಗಂಜಿಯಂತಾದಾಗ ಇಳಿಸಿ. ಮೊದಲ ಪದರಕ್ಕೆ ಬರೀ ನೀರು, ಇಲ್ಲವಾದರೆ ಕಾಗದ ಅಚ್ಚಿಗೆ ಕಚ್ಚುತ್ತದೆ. ಪೇಪರನ್ನು ಕತ್ತರಿಸದೆ ಎರಡು ಬೆರಳಗಲಕ್ಕೆ ಹರಿಯಿರಿ: ಹರಿದ ಅಂಚು ತೆಳುವಾಗಿ ಕೂರುತ್ತದೆ, ಕತ್ತರಿಸಿದ್ದು ಗೆರೆ ಬಿಡುತ್ತದೆ. ಒಂದು ಪದರ ಕನ್ನಡ ಪೇಪರ್, ಮುಂದಿನದು ಮಲಯಾಳ ಪೇಪರ್ ಹಾಕಿ. ಎಲ್ಲಿ ಬಿಟ್ಟುಹೋಯಿತೆಂದು ಲಿಪಿಯೇ ಹೇಳುತ್ತದೆ. (ನಮ್ಮ ಕಾಸರಗೋಡಿನಲ್ಲಿ ಎರಡಕ್ಕೂ ಬರವಿಲ್ಲ.) ಒಟ್ಟು ಏಳೆಂಟು ಪದರ, ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಫ್ಯಾನಿನ ಗಾಳಿ ಒಳ್ಳೆಯದು. ಒಲೆಯ ಬಳಿ ಇಟ್ಟರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು ಗುಳ್ಳೆ ಏಳುತ್ತದೆ. ಬೆರಳಲ್ಲಿ ಬಡಿದಾಗ ಟಕ್ ಎಂದರೆ ಮಾತ್ರ ಅಚ್ಚಿನಿಂದ ಬಿಡಿಸಿ. ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತು ಬೆರೆಸುವುದುಂಟು. ಅಡಕೆಗೆ ಮದ್ದು ಬಿಡಲು ತಂದದ್ದು ಮನೆಯಲ್ಲಿದೆ ಎಂದು ನೀವು ಹಾಕಬೇಡಿ, ಮುಖದ ಚರ್ಮ ಉರಿದೀತು.

ಪ್ರಶ್ನೆ: ಅಡಕೆ ಹಾಳೆಯಲ್ಲಿ ಮಾಡಲಾಗದೇ? – ಓದುಗರು, ಪೆರ್ಲ

ಉತ್ತರ: ಆಗುತ್ತದೆ. ನೆನೆಸಿ ಮೆತ್ತಗಾದ ಮೇಲೆ ಕಣ್ಣು, ಬಾಯಿ ಕೊರೆಯಿರಿ. ಒಣಗಿದ್ದನ್ನು ಕೊರೆದರೆ ನಾರಿನುದ್ದಕ್ಕೂ ಸೀಳುತ್ತದೆ. ಹಾಳೆ ಒಂದೇ ದಿಕ್ಕಿಗೆ ಬಾಗುವುದರಿಂದ ಮೂಗು ಉಬ್ಬಿಸಲು ಬಾರದು, ಬೇರೆ ತುಂಡು ಹೊಲಿಯಬೇಕು. ಒಣಗುವಾಗ ಭಾರ ಹೇರಿ ಅಥವಾ ಅಚ್ಚಿಗೆ ಬಿಗಿದು ಕಟ್ಟಿಡಿ, ಇಲ್ಲದಿದ್ದರೆ ಸುರುಳಿಯಾಗುತ್ತದೆ.