ಇಂಡೆಕ್ಸ್ ರೀಬಿಲ್ಡ್: ಯಾವಾಗ, ಯಾವುದಕ್ಕೆ?

ಪ್ರಶ್ನೆ: ಮಾನ್ಯರೇ, ನವಿ ಮುಂಬಯಿಯ ವಾಶಿ ಎಪಿಎಂಸಿ ಮಾರುಕಟ್ಟೆಯ ಸಗಟು ವ್ಯಾಪಾರ ಸಂಸ್ಥೆಯೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ನಮ್ಮದು ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ ಸ್ಟ್ಯಾಂಡರ್ಡ್ ಆವೃತ್ತಿ, ಎಸ್‌ಎಸ್‌ಡಿ ಡಿಸ್ಕ್. ಪ್ರತಿ ಭಾನುವಾರ ರಾತ್ರಿ ಎಲ್ಲ ಇಂಡೆಕ್ಸ್‌ಗಳನ್ನೂ (ದಾಖಲೆಗಳನ್ನು ಬೇಗ ಹುಡುಕಲು ನೆರವಾಗುವ ಸೂಚಿಗಳನ್ನು) ರೀಬಿಲ್ಡ್ ಮಾಡುವ, ಅಂದರೆ ಹೊಸದಾಗಿ ಕಟ್ಟುವ, ಜಾಬ್ ಈಚೆಗೆ ಸೋಮವಾರ ಬೆಳಗಿನ ಜಾವವಾದರೂ ಮುಗಿಯುವುದಿಲ್ಲ. ಲಾರಿಗಳು ಬಂದು ನಿಂತಿದ್ದರೂ ಬಿಲ್ ಮಾಡಲಾಗುವುದಿಲ್ಲ. ಫ್ರಾಗ್ಮೆಂಟೇಶನ್ (ಚದುರುವಿಕೆ) ಶೇ. 30 ದಾಟಿದರೆ ರೀಬಿಲ್ಡ್ ಕಡ್ಡಾಯವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ನೆರೂಳ್

ಉತ್ತರ: ಕಡ್ಡಾಯವಲ್ಲ. ಶೇ. 5 ದಾಟಿದರೆ ರೀಆರ್ಗನೈಸ್ (ಇರುವ ಪುಟಗಳನ್ನೇ ಮರುಜೋಡಿಸುವುದು), ಶೇ. 30 ದಾಟಿದರೆ ರೀಬಿಲ್ಡ್ ಎಂಬ ಸೂಚನೆ ಮೈಕ್ರೋಸಾಫ್ಟ್‌ನ ದಾಖಲೆಗಳಲ್ಲಿ ಬಹುಕಾಲ ಇದ್ದುದು ನಿಜ. ಆದರೆ ತಿರುಗುವ ಡಿಸ್ಕ್‌ಗಳ ಕಾಲದ ಆ ಅಂದಾಜನ್ನು ಜನ ನಿಯಮವೆಂದೇ ಪಾಲಿಸತೊಡಗಿದರು. ಆ ಶೇಕಡಾವಾರು ತಿಳಿಸುವುದು ಇಂಡೆಕ್ಸಿನ ಪುಟಗಳು (ಡೇಟಾ ಶೇಖರಿಸುವ ಘಟಕಗಳು) ಕ್ರಮ ತಪ್ಪಿ ಚದುರಿರುವ ಪ್ರಮಾಣವನ್ನು ಮಾತ್ರ. ಬಿಲ್ ಸಂಖ್ಯೆಯಿಂದ ಒಂದು ದಾಖಲೆಯನ್ನು ಹುಡುಕುವ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಕೆಲವೇ ಪುಟಗಳನ್ನು ಓದುವುದರಿಂದ ಅದಕ್ಕೆ ಈ ಚದುರುವಿಕೆ ತಟ್ಟುವುದೇ ಇಲ್ಲ. ಇಡೀ ವರ್ಷದ ವರದಿ ತೆಗೆಯುವ ಕ್ವೆರಿಗೆ ತಟ್ಟಬಹುದಾದರೂ, ಪುಟಗಳು ಮೆಮೊರಿಯಲ್ಲಿದ್ದರೆ ಅಥವಾ ನಿಮ್ಮಲ್ಲಿರುವಂತೆ ಡಿಸ್ಕ್ ಎಸ್‌ಎಸ್‌ಡಿ ಆಗಿದ್ದರೆ ಪರಿಣಾಮ ಬಹಳ ಕಡಿಮೆ. ಸಾವಿರ ಪುಟಗಳಿಗಿಂತ, ಅಂದರೆ ಸುಮಾರು 8 ಎಂಬಿಗಿಂತ, ಚಿಕ್ಕದಾದ ಇಂಡೆಕ್ಸ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಹಾಗಾದರೆ ರೀಬಿಲ್ಡ್ ಆದ ಮೇಲೆ ವೇಗ ಹೆಚ್ಚಿದಂತೆ ಕಾಣುವುದೇಕೆ? ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ರೀಬಿಲ್ಡ್ ಮಾಡಿದಾಗ ಆ ಇಂಡೆಕ್ಸಿನ ಸ್ಟ್ಯಾಟಿಸ್ಟಿಕ್ಸ್ (ಮೌಲ್ಯಗಳು ಹೇಗೆ ಹಂಚಿಕೆಯಾಗಿವೆ ಎಂಬ ಅಂಕಿಅಂಶ) ಕೂಡ ಸಾಮಾನ್ಯವಾಗಿ ಎಲ್ಲ ಸಾಲುಗಳನ್ನೂ ಓದಿ ಹೊಸದಾಗುತ್ತದೆ. ಅದನ್ನು ನಂಬಿ ಸರ್ವರ್ ಕ್ವೆರಿಗಳಿಗೆ ಹೊಸ ಪ್ಲಾನ್, ಅಂದರೆ ಡೇಟಾ ಹುಡುಕುವ ಹಾದಿ, ರಚಿಸುತ್ತದೆ. ಅನೇಕ ಕಡೆ ಸುಧಾರಣೆ ಬರುವುದು ಈ ಹೊಸ ಪ್ಲಾನಿನಿಂದ, ಶ್ರೇಯಸ್ಸು ಮಾತ್ರ ರೀಬಿಲ್ಡ್‌ಗೆ ಸಲ್ಲುತ್ತದೆ. ಸ್ಟ್ಯಾಟಿಸ್ಟಿಕ್ಸ್ ಒಂದನ್ನೇ ಅಪ್‌ಡೇಟ್ ಮಾಡುವುದು ಎಷ್ಟೋ ಹಗುರವಾದ ಕೆಲಸ, ಅದಕ್ಕಾಗಿ ಬಿಲ್ಲಿಂಗ್ ನಿಲ್ಲಿಸಬೇಕಾಗಿಲ್ಲ. ಆದ್ದರಿಂದ ಒಂದು ಭಾನುವಾರ ರೀಬಿಲ್ಡ್ ಬಿಟ್ಟು, ಮುಖ್ಯ ಟೇಬಲ್‌ಗಳ ಸ್ಟ್ಯಾಟಿಸ್ಟಿಕ್ಸನ್ನು ಫುಲ್ ಸ್ಕ್ಯಾನ್ (ಎಲ್ಲ ಸಾಲುಗಳ ಓದು) ಸಹಿತ ಅಪ್‌ಡೇಟ್ ಮಾಡಿ. 2016ರ ಆವೃತ್ತಿಯಿಂದ ಲಭ್ಯವಿರುವ, ಕ್ವೆರಿಗಳ ಓಟವನ್ನು ದಾಖಲಿಸಿಡುವ ಕ್ವೆರಿ ಸ್ಟೋರನ್ನು ಅದಕ್ಕೂ ಮೊದಲೇ ಚಾಲೂ ಮಾಡಿಟ್ಟಿದ್ದರೆ, ಎರಡು ಸೋಮವಾರಗಳ ಕ್ವೆರಿ ಸಮಯವನ್ನೂ ಓದಿದ ಪುಟಗಳ ಸಂಖ್ಯೆಯನ್ನೂ ಹೋಲಿಸಬಹುದು. ವ್ಯತ್ಯಾಸ ಕಾಣದಿದ್ದರೆ ವಾರವಾರದ ರೀಬಿಲ್ಡ್ ನಿಮಗೆ ಬೇಕಾಗಿಲ್ಲ.

ಬೆಳಗಿನ ಜಾವ ಬಿಲ್ಲಿಂಗ್ ನಿಲ್ಲಲು ಕಾರಣವೂ ಸ್ಪಷ್ಟವಾಗಿದೆ. ಆನ್‌ಲೈನ್ ರೀಬಿಲ್ಡ್ (ಟೇಬಲ್ ಬಳಕೆಯಲ್ಲಿರುವಾಗಲೇ ನಡೆಯುವಂಥದ್ದು) ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಇಲ್ಲ. ಟೇಬಲ್ಲಿನ ಸಾಲುಗಳನ್ನೇ ಒಳಗೊಂಡಿರುವ ಕ್ಲಸ್ಟರ್ಡ್ ಇಂಡೆಕ್ಸ್ ರೀಬಿಲ್ಡ್ ಆಗುತ್ತಿರುವಷ್ಟು ಹೊತ್ತೂ ಇಡೀ ಟೇಬಲ್ ಲಾಕ್ ಆಗಿರುತ್ತದೆ. ರಿಕವರಿ ಮಾಡೆಲ್ ಫುಲ್ ಆಗಿದ್ದರೆ (ಎಲ್ಲ ಬದಲಾವಣೆಯೂ ಲಾಗಿನಲ್ಲಿ ಪೂರ್ಣವಾಗಿ ದಾಖಲಾಗುವ ವ್ಯವಸ್ಥೆ) ಲಾಗ್ ಬ್ಯಾಕಪ್ ಕೂಡ ಬೆಳೆಯುತ್ತದೆ.

ನಿಜವಾಗಿ ಗಮನಿಸಬೇಕಾದ ಅಳತೆಯೆಂದರೆ 8 ಕೆಬಿಯ ಒಂದೊಂದು ಪುಟ ಎಷ್ಟು ತುಂಬಿದೆ ಎಂಬುದು. ಅರ್ಧ ಖಾಲಿಯಿರುವ ಪುಟಗಳು ಮೆಮೊರಿಯಲ್ಲಿಯೂ ಡಿಸ್ಕಿನಲ್ಲಿಯೂ ಬ್ಯಾಕಪ್‌ನಲ್ಲಿಯೂ ಎರಡು ಪಟ್ಟು ಜಾಗ ನುಂಗುತ್ತವೆ. ಫ್ರಾಗ್ಮೆಂಟೇಶನ್ ತೋರಿಸುವ ಕ್ವೆರಿಯನ್ನೇ ಸ್ಯಾಂಪಲ್ಡ್ ವಿಧಾನದಲ್ಲಿ ಓಡಿಸಿದರೆ ಈ ಅಂಕಿ ಸಿಗುತ್ತದೆ. ಸಾಮಾನ್ಯವಾಗಿ ಬಳಕೆಯಾಗುವ ಲಿಮಿಟೆಡ್ ವಿಧಾನದಲ್ಲಿ ಆ ಅಂಕಣ ಖಾಲಿಯಿರುತ್ತದೆ. ಹಳೆಯ ವರ್ಷಗಳ ದಾಖಲೆಗಳನ್ನು ದೊಡ್ಡ ಪ್ರಮಾಣದಲ್ಲಿ ಅಳಿಸಿದ ನಂತರ ದೊಡ್ಡ ಟೇಬಲ್ಲಿನ ಪುಟಗಳು ಹೀಗೆ ಬರಿದಾಗಿದ್ದರೆ, ಅಥವಾ ಫಿಲ್ ಫ್ಯಾಕ್ಟರ್ (ರೀಬಿಲ್ಡ್ ವೇಳೆ ಪುಟವನ್ನು ಎಷ್ಟು ತುಂಬಬೇಕೆಂಬ ಮಿತಿ) ಬದಲಿಸಬೇಕಾಗಿದ್ದರೆ, ರೀಬಿಲ್ಡ್ ಮಾಡುವುದು ಸರಿ. ರೀಬಿಲ್ಡ್ ಮಾಡಿದ ಕೆಲವೇ ವಾರಗಳಲ್ಲಿ ಪುಟಗಳು ಮತ್ತೆ ಬರಿದಾದರೆ ಇಂಡೆಕ್ಸಿನ ಕೀ (ಕ್ರಮ ನಿರ್ಧರಿಸುವ ಅಂಕಣ) ಯಾವುದೆಂದು ನೋಡಿ: ಜಿಯುಐಡಿಯಂಥ (ಪುನರಾವರ್ತನೆಯಾಗದ ಉದ್ದನೆಯ ಗುರುತು ಸಂಖ್ಯೆ) ಗೊತ್ತುಗುರಿಯಿಲ್ಲದ ಮೌಲ್ಯಗಳು ಪುಟಗಳನ್ನು ಒಡೆಯುತ್ತಲೇ ಇರುತ್ತವೆ, ಎಷ್ಟು ಸಲ ರೀಬಿಲ್ಡ್ ಮಾಡಿದರೂ ಅದು ನಿಲ್ಲುವುದಿಲ್ಲ.

ಬಿಡುವಿನ ಸಮಯ ಕಡಿಮೆಯಿದ್ದರೆ ರೀಆರ್ಗನೈಸ್ ಬಳಸಿ. ಅದು ಎಲ್ಲ ಆವೃತ್ತಿಗಳಲ್ಲೂ ಆನ್‌ಲೈನ್ ಆಗಿಯೇ ನಡೆಯುತ್ತದೆ, ನಡುವೆ ನಿಲ್ಲಿಸಿದರೂ ಆದಷ್ಟು ಕೆಲಸ ಉಳಿಯುತ್ತದೆ. ಆದರೆ ಅದು ಸ್ಟ್ಯಾಟಿಸ್ಟಿಕ್ಸನ್ನು ಮುಟ್ಟುವುದಿಲ್ಲವಾದ್ದರಿಂದ ಅದನ್ನು ನೀವು ಪ್ರತ್ಯೇಕವಾಗಿ ಅಪ್‌ಡೇಟ್ ಮಾಡಬೇಕು.